ಎರಡನೇ ಗೇರು ಯಾಕೆ ಹಾರುತ್ತಿತ್ತು

ಗೇರ್‌ಬಾಕ್ಸು ಸುಳ್ಳು ಹೇಳುವುದಿಲ್ಲ ಎಂದು ಮಂಡ್ಯದ ಡ್ರೈವರುಗಳೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೇಳುತ್ತದೆ, ಚೆನ್ನಾಗಿಯೇ ಹೇಳುತ್ತದೆ. ಒಂದು ಕಾರಿನ ಗೇರ್‌ಬಾಕ್ಸು ನನಗೂ ನನ್ನ ಯಜಮಾನರಿಗೂ ತಿಂಗಳುಗಟ್ಟಲೆ ಸುಳ್ಳು ಹೇಳಿತು. ಇಬ್ಬರೂ ನಂಬಿದೆವು, ಅವರು ಒಂದು ಸುಳ್ಳನ್ನು, ನಾನು ಇನ್ನೊಂದನ್ನು.

ಮೂವತ್ತು ದಾಟುತ್ತಲೇ ನಿವೃತ್ತನಾದೆ ಎಂದರೆ ಜನ ನಗುತ್ತಾರೆ. ನಗಲಿ. ಸರ್ಕಾರಿ ನೌಕರನಿಗೆ ವಯಸ್ಸಿನ ಲೆಕ್ಕವಿರಬಹುದು. ಗ್ಯಾರೇಜಿನವನಿಗೆ ಯಜಮಾನ ‘ನಾಳೆಯಿಂದ ಬರಬೇಡ’ ಅಂದ ದಿನವೇ ನಿವೃತ್ತಿ. ಈಗ ಮಹಾಯುದ್ಧ ಮುಗಿದು ಮಿಲಿಟರಿ ಲಾರಿಗಳು ಹರಾಜಾಗುತ್ತಿವೆ, ಊರೂರಿನ ಹುಡುಗರು ಲೈಸೆನ್ಸಿಗೆ ಓಡುತ್ತಿದ್ದಾರೆ. ಅವರಿಗೆ ಸ್ಟೀರಿಂಗು ಹಿಡಿಯುವುದನ್ನು ಕಲಿಸುವವರು ಬೇಕಾದಷ್ಟಿದ್ದಾರೆ. ಗೇರು ಹಾಕುವ ಎಡಗೈಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನಾನು ಮಾತಾಡುತ್ತೇನೆ.

ಈ ಕೆಲಸಕ್ಕೆ ನನ್ನನ್ನು ಎಳೆದದ್ದು ಒಂದು ಪ್ರಶ್ನೆ. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಚರ್ಚಾಸ್ಪರ್ಧೆ ಇದ್ದರೆ ನನಗೆ ಊಟ ಬೇಡ. ಪರವೋ ವಿರೋಧವೋ, ಯಾವ ಪಕ್ಷ ಕೊಟ್ಟರೂ ಸರಿ. ಒಂದು ರಜೆಯಲ್ಲಿ ಊರಿಗೆ ಬರುತ್ತಿದ್ದಾಗ ಬಸ್ಸಿನ ಡ್ರೈವರು ಒಂದೊಂದು ಸಲ ಗೇರು ಬದಲಿಸಲೂ ಕ್ಲಚ್ಚನ್ನು ಎರಡೆರಡು ಬಾರಿ ತುಳಿಯುವುದನ್ನು ಕಂಡೆ. ಯಾಕೆ ಎಂದು ಕೇಳಿದ್ದಕ್ಕೆ, ತುಳೀಬೇಕು ಅದ್ಕೇ ತುಳೀತೀವಿ ಅಂದ. ಮಂಡ್ಯದಲ್ಲಿ ಇಳಿದವನು ನಂಜುಂಡಾಚಾರ್ರ ಗ್ಯಾರೇಜಿಗೆ ಹೋಗಿ ಅದನ್ನೇ ಕೇಳಿದೆ. ಆಚಾರ್ರು ನನ್ನ ಇಸ್ತ್ರಿ ಅಂಗಿ ನೋಡಿದರು. ತಿಳಿದುಕೊಳ್ಳಬೇಕಾದರೆ ಅಂಗಿ ಬಿಚ್ಚಿಟ್ಟು ಬಸ್ಸಿನ ಕೆಳಗೆ ನುಗ್ಗು ಅಂದರು. ನುಗ್ಗಿದವನು ವರ್ಷಗಳ ಕಾಲ ಮೇಲೆ ಬರಲಿಲ್ಲ.

ಉತ್ತರ ಕಷ್ಟದ್ದಲ್ಲ. ಹೊರಟ ಬಸ್ಸನ್ನು ಹತ್ತುವವನು ಏನು ಮಾಡುತ್ತಾನೆ? ನಿಂತಲ್ಲಿಂದ ನೆಗೆದರೆ ಮೊಣಕಾಲು ಕಿತ್ತುಹೋಗುತ್ತದೆ. ಬಸ್ಸಿನ ಜೊತೆ ಸ್ವಲ್ಪ ದೂರ ಓಡಿ, ತನ್ನ ವೇಗವೂ ಅದರ ವೇಗವೂ ಒಂದಾದಾಗ ಕಾಲಿಡುತ್ತಾನೆ. ಗೇರ್‌ಬಾಕ್ಸಿನೊಳಗಿನ ಹಲ್ಲುಚಕ್ರಗಳೂ ಅಷ್ಟೆ. ಒಮ್ಮೆ ಕ್ಲಚ್ ತುಳಿದು ಗೇರಿನ ರಾಡನ್ನು ನಡುವಿಗೆ ತರಬೇಕು. ಕಾಲು ತೆಗೆದು ಎಂಜಿನ್ನಿಗೆ ಒಂದು ಗುಟುಕು ಪೆಟ್ರೋಲು ಕೊಟ್ಟರೆ ಹಿಂದುಳಿದ ಚಕ್ರ ಓಡಿಬಂದು ಸಮವಾಗುತ್ತದೆ. ಆಗ ಮತ್ತೆ ತುಳಿದು ಕೆಳಗಿನ ಗೇರಿಗೆ ಹಾಕಬೇಕು. ಹಾಕಿದ ಮೇಲೆ ಕೊನೆಯವರೆಗೂ ತಳ್ಳಬೇಕು, ಇದನ್ನು ನೆನಪಿಡಿ. ಅರ್ಧಕ್ಕೆ ಬಿಟ್ಟರೆ ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿಕೊಂಡಿರುತ್ತವೆ. ಏರಿನಲ್ಲಿ ಭಾರ ಬಿದ್ದ ಕೂಡಲೇ ಜಾರಿ ಬಿಟ್ಟುಕೊಳ್ಳುತ್ತವೆ. ಗೇರು ಹಾರುವುದು ಅನ್ನುವುದು ಇದಕ್ಕೆ. ಎಂಜಿನ್ನು ಭೋರೆಂದು ಅರಚುತ್ತದೆ, ಕಾರು ಮಾತ್ರ ಹಿಂದಕ್ಕೆ ಜಾರಲು ನೋಡುತ್ತದೆ. ಆ ಅರಚಾಟವನ್ನು ಒಮ್ಮೆ ಕೇಳಿದವನು ಮರೆಯುವುದಿಲ್ಲ.

ಆಚಾರ್ರ ಬಳಿ ಗೇರಿನ ತೊಂದರೆಗಳಿಗೆಲ್ಲ ಒಂದೇ ತೀರ್ಪು: ತಪ್ಪು ಯಾವಾಗಲೂ ಕೈಯದು, ಗೇರು ಪೆಟ್ಟಿಗೇದಲ್ಲ. ಅವರು ಕುಲುಮೆಯಿಂದ ಗ್ಯಾರೇಜಿಗೆ ಬಂದವರು; ಕಬ್ಬಿಣದ ಮೇಲೆ ದೂರು ಹೇಳಿದರೆ ಮನೆಯವರ ಮೇಲೆ ಹೇಳಿದಂತೆ ಕೆರಳುತ್ತಿದ್ದರು. ಯುದ್ಧಕಾಲದಲ್ಲಿ, ಪೆಟ್ರೋಲು ಸಿಗದೆ ಇದ್ದಿಲ ಅನಿಲದಿಂದ ಕೆರಗೋಡಿನ ಕಡೆ ಓಡುತ್ತಿದ್ದ ಬಸ್ಸೊಂದು ಗರಗರ ಎನ್ನುತ್ತ ಬಂದು ನಿಂತಿತು. ಪೆಟ್ಟಿಗೆ ಬಿಚ್ಚಿದರೆ ಒಳಗೆಲ್ಲ ಕಪ್ಪು ಅಂಟು. ಗೇರಿನ ಎಣ್ಣೆ ಸಿಗದ ಕಾಲ. ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಯನ್ನೇ, ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ್ದನ್ನೇ, ಡ್ರೈವರು ಒಂದು ಚೊಂಬು ಸುರಿದಿದ್ದ. ಎತ್ತಿನ ಗಾಡಿಗೆ ಆಗುತ್ತದೆ, ಇದಕ್ಕೇಕಾಗದು ಎಂಬ ತರ್ಕ. ಕರಿ ಹಲ್ಲುಗಳನ್ನು ಅರೆದುಹಾಕಿತ್ತು. ಇದು ಎಣ್ಣೆಯ ತಪ್ಪು ಎಂದು ನಾನು ವಾದಿಸಿದೆ. “ಎಣ್ಣೆ ಉಯ್ದದ್ದು ಯಾವುದಯ್ಯಾ? ಕೈ ತಾನೆ?” ಅಂದರು ಆಚಾರ್ರು. ಸೋತೆ. ಆ ಸೋಲು ನನ್ನನ್ನು ಬಹಳ ದಿನ ಕುಟುಕುತ್ತಿತ್ತು. ಕೈಯದಲ್ಲದ ತಪ್ಪೊಂದನ್ನು ಅವರ ಮುಂದೆ ತಂದಿಡಬೇಕು ಎಂಬ ಹಟ ಹಿಡಿಯಿತು. ಗ್ಯಾರೇಜಿನಲ್ಲಿ ನನಗೆ ಲಾಯರಪ್ಪ ಎಂದು ಹೆಸರಿಟ್ಟಿದ್ದರು.

ಆ ಹೊತ್ತಿಗೆ ಬಂತು ಕೆಂಪು ಕಾರು.

ಮದ್ದೂರಿನ ಗುತ್ತಿಗೆದಾರ ಚಂದ್ರಶೇಖರಯ್ಯನವರು ಅದನ್ನು ಬೆಂಗಳೂರಿನಿಂದ ಇಂಗ್ಲೆಂಡಿಗೆ ಮರಳಿ ಹೊರಟಿದ್ದ ಬಿಳಿಯ ಅಧಿಕಾರಿಯೊಬ್ಬನಿಂದ ಕೊಂಡಿದ್ದರು. ಎರಡೇ ಸೀಟು, ತೆರೆದ ಮೈ, ಉದ್ದ ಮೂತಿ, ನೆಲಕ್ಕೆ ಒರಗಿದಂತೆ ಕೂರುವ ಸ್ಪೋರ್ಟ್ಸ್ ಕಾರು. ಮಂಡ್ಯದ ಪೇಟೆಯಲ್ಲಿ ನಿಂತರೆ ಕಬ್ಬಿನ ಗಾಡಿಯವರು ಎತ್ತು ಬಿಟ್ಟು ನೋಡಲು ಬರುತ್ತಿದ್ದರು. ಚಂದ್ರಶೇಖರಯ್ಯನವರು ಖಾದಿ ಉಡುವವರು, ಸಭೆಗಳಲ್ಲಿ ಮಾತಾಡುವವರು. ‘ನನ್ನ ಡ್ರೈವರು ಹರಿಜನ’ ಎಂದು ವೇದಿಕೆಯ ಮೇಲೆ ಹೇಳಿಕೊಳ್ಳುತ್ತಿದ್ದರು. ಸುಳ್ಳಲ್ಲ. ಹಲಗೂರಿನ ಊರಾಚೆಯ ಕೇರಿಯ ಮಾದು ಅವರ ಡ್ರೈವರಾಗಿದ್ದ. ಯುದ್ಧದಲ್ಲಿ ಅಸ್ಸಾಮಿನ ಬೆಟ್ಟಗಳಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವನು. ನನಗಿಂತ ಹಿರಿಯ, ಮಾತು ಕಡಿಮೆ, ಆಡಿದರೆ ಚುಚ್ಚುವಂಥದು.

ದೂರು ಇಷ್ಟೆ: ಎರಡನೇ ಗೇರು ಹಾರುತ್ತದೆ. ಗುತ್ತಿಗೆದಾರರ ಕಲ್ಲಿನ ಕೆಲಸ ಹಲಗೂರಿನಾಚೆ ನಡೆಯುತ್ತಿತ್ತು. ಮದ್ದೂರಿನಿಂದ ಮಳವಳ್ಳಿಯ ಮೇಲೆ ಹೋಗಿಬರುವ ದಾರಿಯಲ್ಲಿ ಏರುಗಳಿವೆ. ಮುಂದೆ ಹೇರು ಗಾಡಿ ಸಿಕ್ಕರೆ ಎರಡನೇ ಗೇರಿಗೆ ಇಳಿಯಲೇಬೇಕು. ಇಳಿದರೆ ಹಾರುತ್ತದೆ. ಒಮ್ಮೆ ಕಾರು ಹಿಂದಕ್ಕೆ ಜಾರಿ ಚರಂಡಿಗೆ ಚಕ್ರ ಇಳಿಸಿತ್ತು. ಗುತ್ತಿಗೆದಾರರು ರೇಗಿರಲಿಲ್ಲ, ಅವರು ರೇಗುವ ಜಾತಿಯವರಲ್ಲ. ರಿಪೇರಿಯಾದ ಮೇಲೂ ಹಾರಿದರೆ ಡ್ರೈವರನ್ನು ಬದಲಿಸುತ್ತೇನೆ ಎಂದು ಮೆತ್ತಗೆ ಹೇಳಿ ಹೋದರು.

ಮಾದುಗೆ ಅದರರ್ಥ ಗೊತ್ತಿತ್ತು. ಲಾರಿ ಕಂಪನಿಯವರೂ ಬಸ್ಸಿನವರೂ ಅವನಿಗೆ ಈಗಾಗಲೇ ಬಾಗಿಲು ಮುಚ್ಚಿದ್ದರು; ಅವನು ಓಡಿಸಿದರೆ ಜನ ಹತ್ತುವುದಿಲ್ಲವಂತೆ. ಖಾದಿಯವರೇ ಬಿಡಿಸಿದರು ಎಂದಾದರೆ ಮುಗಿಯಿತು. ಕೇರಿಯವರ ಕೈಗೆ ಗಾಡಿ ಕೊಡಬಾರದು ಎನ್ನುವವರು ಕಾದೇ ಕೂತಿದ್ದರು.

“ಕೈ ಸರಿ ಇಲ್ಲ,” ಅಂದರು ಆಚಾರ್ರು, ಬಾನೆಟ್ಟು ಎತ್ತುವ ಮೊದಲೇ.

ನಾನು ಎದುರು ಪಕ್ಷ. ಅಸ್ಸಾಮಿನ ಬೆಟ್ಟದಲ್ಲಿ ಕೆಡದ ಕೈ ಮದ್ದೂರಿನ ದಿಬ್ಬದಲ್ಲಿ ಕೆಡುತ್ತದೆಯೇ? ಪೆಟ್ಟಿಗೆ ಇಳಿಸಿ ಬಿಚ್ಚಿದೆವು. ಒಳಗಿನ ಎಣ್ಣೆಯಲ್ಲಿ ಮರದ ಹೊಟ್ಟು ತೇಲುತ್ತಿತ್ತು. ಸವೆದ ಗೇರುಗಳ ಸದ್ದಡಗಿಸಿ ಮಾರಲು ಯಾರೋ ತುಂಬಿದ್ದರು. ಪೆಟ್ಟಿಗೆಯದೇ ತಪ್ಪು, ಗೆದ್ದೆ ಅಂದುಕೊಂಡೆ. ಸೀಮೆಎಣ್ಣೆಯಲ್ಲಿ ತೊಳೆದು, ರಾಡನ್ನು ಹಿಡಿದಿಡುವ ಸ್ಪ್ರಿಂಗು ಬದಲಿಸಿ, ಒಳ್ಳೆಯ ಎಣ್ಣೆ ಹಾಕಿ ಕೊಟ್ಟೆವು. ಹೊಟ್ಟು ಹೋದದ್ದಕ್ಕೆ ಕಾರು ಮೊದಲಿಗಿಂತ ಗಟ್ಟಿಯಾಗಿ ಗರಗರ ಎನ್ನುತ್ತ ಹೋಯಿತು. ಎರಡನೇ ಗೇರು ಮೊದಲಿನಂತೆಯೇ ಹಾರಿತು. ಗುತ್ತಿಗೆದಾರರು ಇನ್ನೊಂದು ಅವಕಾಶ ಕೊಟ್ಟರು. ಕೊನೆಯದು ಎಂದೂ ಹೇಳಿದರು.

ಮತ್ತೆ ಬಿಚ್ಚಿದಾಗ ನೋಡಿದ್ದು ನನ್ನ ವಾದಕ್ಕೆ ಕೆಟ್ಟದಾಗಿತ್ತು. ಎರಡನೇ ಗೇರಿನ ಹಲ್ಲುಗಳು ತುದಿಯಲ್ಲಿ ಮಾತ್ರ ದುಂಡಗೆ ಸವೆದಿದ್ದವು, ಬುಡ ಅಷ್ಟೇನೂ ಸವೆದಿರಲಿಲ್ಲ. ಎಂದರೆ ಅವು ಬಹಳ ದಿನದಿಂದ ಪೂರ್ತಿ ಕೂಡಿಕೊಂಡಿರಲಿಲ್ಲ. ಯಾರೋ ರಾಡನ್ನು ಕೊನೆಯವರೆಗೆ ತಳ್ಳುತ್ತಿಲ್ಲ. ಆಚಾರ್ರು ಆ ಹಲ್ಲನ್ನು ನನ್ನ ಮೂಗಿನ ಹತ್ತಿರ ಹಿಡಿದು, ಈಗೇನಂತೀಯೋ ಲಾಯರಪ್ಪ ಅಂದರು.

ಮಾದುವನ್ನು ಕರೆದುಕೊಂಡು, ಗುತ್ತಿಗೆದಾರರ ಸೀಟಿನಲ್ಲಿ ನಾನೇ ಕೂತು, ಮಳವಳ್ಳಿಯವರೆಗೂ ಹೋದೆ. ಏರುಗಳಲ್ಲೆಲ್ಲ ಬೇಕೆಂದೇ ನಿಧಾನ ಮಾಡಿಸಿ ಎರಡನೇ ಗೇರಿಗೆ ಇಳಿಸಿದೆ. ಎರಡು ತುಳಿತ, ನಡುವೆ ಒಂದು ಗುಟುಕು, ಬೆಣ್ಣೆಯಲ್ಲಿ ಬೆರಳಿಟ್ಟಂತೆ ಗೇರು ಕೂತಿತು. ಅವನ ಮುಷ್ಟಿ ಪ್ರತಿಸಲವೂ ನನ್ನ ತೊಡೆಗೆ ಗುದ್ದುತ್ತಿತ್ತು. ಒಮ್ಮೆಯೂ ಹಾರಲಿಲ್ಲ. ಗುದ್ದಿದ್ದನ್ನು ಅನುಭವಿಸಿದವನು ನಾನೇ, ಆದರೂ ಹೊಳೆಯಲಿಲ್ಲ. ಯಜಮಾನರಿದ್ದಾಗ ಮಾತ್ರ ಹಾರುತ್ತದೆ ಎಂದರೆ ಇವನಿಗೆ ಯಜಮಾನರ ಭಯ ಅಂದರು ಆಚಾರ್ರು. ಬಾಂಬು ಬೀಳುವಲ್ಲಿ ಲಾರಿ ಓಡಿಸಿದವನಿಗೆ ಜುಬ್ಬಾದ ಭಯವೇ?

ಭಯವೋ ಅಲ್ಲವೋ ನೋಡಿಯೇಬಿಡೋಣ ಎಂದು ಗುತ್ತಿಗೆದಾರರನ್ನು ಕೇಳಿಕೊಂಡು ಅವರಿಬ್ಬರ ಜೊತೆ ಹೊರಟೆ. ಮೂರನೆಯವನಿಗೆ ಜಾಗವಿಲ್ಲ. ಹಿಂದೆ ಮಡಿಸಿಟ್ಟ ಬಟ್ಟೆಯ ಟಾಪಿನ ಮೇಲೆ ಹತ್ತಿ, ಸೀಟುಗಳ ಬೆನ್ನು ಹಿಡಿದು, ಅವರ ಭುಜಗಳ ನಡುವೆ ತಲೆ ತೂರಿಸಿ ಕೂತೆ. ದಾರಿಯುದ್ದ ಧೂಳು ತಿಂದೆ. ಹಲಗೂರು ದಾಟಿದ ಮೇಲಿನ ಏರಿನಲ್ಲಿ ಸೌದೆಗಾಡಿಗಳು ಸಿಕ್ಕವು. ಮಾದು ತುಳಿದ, ಬಿಟ್ಟ, ತುಳಿದ. ರಾಡು ಎಡಕ್ಕೆ ಬಂತು, ಹಿಂದಕ್ಕೆ ಬಂತು. ಆ ಕಾರಿನಲ್ಲಿ ಎರಡನೇ ಗೇರಿನ ಜಾಗವೆಂದರೆ ಪಕ್ಕದವರ ಮೊಣಕಾಲಿನ ಬುಡ. ಗುತ್ತಿಗೆದಾರರು ಪಂಚೆಯನ್ನು ಎರಡು ಬೆರಳಲ್ಲಿ ಹಿಡಿದು ಒಂದಿಷ್ಟು ಒಳಕ್ಕೆ ಎಳೆದುಕೊಂಡರು. ಹೊಗೆ ಬಂದರೆ ಕಣ್ಣು ಮುಚ್ಚುವಷ್ಟು ಸಹಜವಾಗಿ, ಎದುರಿನ ಗಾಡಿಯನ್ನು ನೋಡುತ್ತಲೇ. ಮಾದುವಿನ ಕೈ ಅವರ ಮೊಣಕಾಲಿಗೆ ಒಂದು ಬೆರಳು ಈಚೆಗೆ ನಿಂತಿತು.

ಗೇರು ಹಾರಿತು. ಎಂಜಿನ್ನು ಅರಚಿತು. ನಾನು ಕೆಳಗೆ ಧುಮುಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ.

ಬೇರೆ ಕಾರುಗಳಲ್ಲಿ ಯಜಮಾನ ಹಿಂದೆ ಕೂರುತ್ತಾನೆ. ಈ ಕಾರಿನಲ್ಲಿ ಹಿಂದೆ ಅನ್ನುವುದೇ ಇಲ್ಲ. ಅದನ್ನು ಮಾಡಿದವರ ಊರಿನಲ್ಲಿ ಇಬ್ಬರು ಪಕ್ಕಪಕ್ಕ ಕೂತರೆ ಇಂಥದೊಂದು ತೊಂದರೆಯಾದೀತೆಂದು ಯಾರು ಎಣಿಸಿದ್ದರು?

ಗುತ್ತಿಗೆದಾರರು ಕಲ್ಲಿನ ಕೆಲಸ ನೋಡಲು ಹೋದಾಗ ಮಾದುವನ್ನು ಕಾರಿನ ಮರೆಗೆ ಕರೆದು, ಕೈ ಯಾಕೆ ನಿಲ್ಲಿಸ್ತೀಯ ಎಂದು ಕೇಳಿದೆ. ಅವನು ಬೀಡಿ ಹಚ್ಚಿದ.

“ಅಂತೂ ಗೊತ್ತಾಯ್ತಲ್ಲಾ ಲಾಯ್ರಪ್ಪಂಗೆ.”

“ನಿನಗೆ ಗೊತ್ತಿತ್ತಾ? ಮತ್ತೆ ಯಾಕೆ ಹೇಳಲಿಲ್ಲ?”

“ಏನಂತ ಏಳ್ಲಿ? ಬುದ್ದೀ, ನಿಮ್ ಮಂಡಿ ನನ್ ಗೇರಿಗೆ ಅಡ್ಡ ಬತ್ತದೆ, ಒಸಿ ಅತ್ತಗ್ ಮಡೀಕಳಿ ಅನ್ಲಾ?” ನಕ್ಕ. ಆಮೇಲೆ ನಗು ನಿಲ್ಲಿಸಿ, “ಕೆಲ್ಸ ಓದ್ರೆ ಓಗ್ಲಿ ಅಂತ ಮೊದಮೊದ್ಲು ತಳ್ದೆ ಕಣಪ್ಪ. ತಾಗ್ತು. ಅವ್ರೇನೂ ಅನ್ನಲಿಲ್ಲ. ಒಂದ್ ಮಾತೂ ಅನ್ನಲಿಲ್ಲ. ಮನೆ ಮುಂದೆ ಇಳ್ದವ್ರು ಸೀದಾ ಬಾವಿ ತಾವ್ಕೆ ಓದ್ರು. ಅವತ್ನಿಂದ ನನ್ ಕೈ ತಾನೇ ನಿಂತ್ಕತದೆ. ನಾನ್ ನಿಲ್ಸಲ್ಲ.”

ಆಚಾರ್ರ ತೀರ್ಪು ಸರಿ: ಕೈಯೇ ತಳ್ಳಲಿಲ್ಲ. ಆದರೆ ತಪ್ಪು ಕೈಯದೇ? ಅಷ್ಟು ಸರಿಯಾಗಿದ್ದೂ ಅಷ್ಟು ತಪ್ಪಾದ ಉತ್ತರವನ್ನು ಯಾವ ಚರ್ಚೆಯಲ್ಲೂ ನಾನು ಕೇಳಿರಲಿಲ್ಲ.

ನಾನು ಹೇಳ್ತೀನಿ ಅಂದೆ. ನಿನ್ನಿಷ್ಟ ಅಂದ. ಮರುದಿನ ಗ್ಯಾರೇಜಿನಲ್ಲಿ, ಆಚಾರ್ರೂ ಮಾದುವೂ ಇರುವಾಗ, ಗುತ್ತಿಗೆದಾರರಿಗೆ ಹೇಳಿಯೇಬಿಟ್ಟೆ. ಬಾವಿಯ ಮಾತು ಎತ್ತಲಿಲ್ಲ; ಅದು ಮಾದುವಿನದು, ನನ್ನದಲ್ಲ. ರಾಡು, ಮೊಣಕಾಲು, ಪಂಚೆ, ಕೈ, ಇಷ್ಟನ್ನು ಒಂದರ ಮೇಲೊಂದಿಟ್ಟೆ. ಅವರ ಮುಖ ಕೆಂಪಾಯಿತು. ನನ್ನತ್ತ ನೋಡಲಿಲ್ಲ, ಮಾದುವಿನತ್ತ ತಿರುಗಿದರು.

“ಮುಟ್ಟಬೇಡ ಅಂತ ನಾನು ಯಾವತ್ತಾದರೂ ಅಂದಿದ್ದೀನೇನಯ್ಯ?”

“ಇಲ್ಲ ಬುದ್ದಿ. ನೀವ್ ಅಂದಿಲ್ಲ.”

“ಮತ್ತೆ?”

ಮಾದು ನೆಲ ನೋಡಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ಕಾರನ್ನು ನೋಡುತ್ತ ನಿಂತ. ಆ ಮೌನ ಇನ್ನೊಂದಿಷ್ಟು ಬೆಳೆದಿದ್ದರೆ ಅದರಿಂದ ಏನೋ ಹುಟ್ಟುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಬೆಳೆಯಲು ಆಚಾರ್ರು ಬಿಡಲಿಲ್ಲ.

“ಅದಕ್ಯಾಕೆ ಇಷ್ಟು ಮಾತು? ರಾಡನ್ನ ಡ್ರೈವರ್ ಕಡೀಕೆ ಒಸಿ ಬಗ್ಗಿಸ್ಬುಟ್ರೆ ಆಯ್ತು ಬುಡಿ ಸ್ವಾಮಿ.”

ಎಲ್ಲರಿಗೂ ಉಸಿರು ಬಂತು. ಗುತ್ತಿಗೆದಾರರು ಅದೇ ಸರಿ ಅಂದರು. ಆಚಾರ್ರು ಕುಲುಮೆಯಲ್ಲಿ ರಾಡು ಕಾಯಿಸಿ ಕುದುರೆಕತ್ತಿನಂತೆ ಬಗ್ಗಿಸಿದರು. ಕೆಲಸ ಅಚ್ಚುಕಟ್ಟು, ಅವರ ಸುತ್ತಿಗೆಯ ಬಗ್ಗೆ ನನ್ನದು ಎಂದೂ ತಕರಾರಿಲ್ಲ. ಎರಡನೇ ಗೇರು ಮೊಣಕಾಲಿನಿಂದ ಗೇಣು ದೂರಕ್ಕೆ ಬಂತು. ಮಾದು ಕೊನೆಯವರೆಗೂ ತಳ್ಳಿದ. ಹಾರಲಿಲ್ಲ. ಗುತ್ತಿಗೆದಾರರು ಹೋದಲ್ಲೆಲ್ಲ ನಮ್ಮ ಗ್ಯಾರೇಜನ್ನು ಹೊಗಳಿದರು. ಮಾದುವಿನ ಕೆಲಸ ಉಳಿಯಿತು. ನನ್ನ ವಾದವೂ ಗೆದ್ದಿತು ಎಂದು ಎಲ್ಲರೂ ಹೇಳಿದರು. ಚರ್ಚೆಯಲ್ಲಿ ಬಹುಮಾನ ಬಂದಾಗ ಆಗುವ ಸಂತೋಷ ಒಂದಿಷ್ಟೂ ಆಗಲಿಲ್ಲ. ಆ ಬಗ್ಗಿದ ರಾಡು ಕಣ್ಣಿಗೆ ಬಿದ್ದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಈಚೆಗೆ ಬಗ್ಗಿಸಿದ್ದು ಈಚೆ ಯಾರಿಗಾದರೂ ತಾಗಲೇಬೇಕಲ್ಲ. ಸ್ವಲ್ಪ ದಿನಕ್ಕೆ ಮಾದು ಬಂದ. ಮೇಲಿನ ಗೇರು, ನಾಲ್ಕನೆಯದು, ಹಾರುತ್ತಿತ್ತು. ಅದರ ಜಾಗ ಬಲಕ್ಕೆ, ಹಿಂದಕ್ಕೆ. ಬಗ್ಗಿದ ರಾಡು ಈಗ ಅಲ್ಲಿ ಮಾದುವಿನ ತೊಡೆಗೇ ಹೊಡೆಯುತ್ತಿತ್ತು. ಪೂರ್ತಿ ಕೂರಬೇಕಾದರೆ ತೊಡೆಯೊಳಕ್ಕೆ ಒತ್ತಬೇಕು. ಚಡ್ಡಿ ಸರಿಸಿ ತೋರಿಸಿದ, ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಎಡಗಾಲು ಬಲಕ್ಕೆ ಸೇರಿಸ್ಕೊಂಡು ಕೂತ್ಕೊಳ್ಲಾ ಅಂದರು ಆಚಾರ್ರು. ಹಾಗೆ ಕೂತರೆ ಕ್ಲಚ್ಚಿಗೆ ಕಾಲು ಎಟುಕುವುದಿಲ್ಲ ಎಂದು ನಾನು ಅಂದೆ. ನಿನ್ನನ್ನು ಕೇಳಲಿಲ್ಲ ಅಂದರು. ಮಾದು ಕಾರು ತಿರುಗಿಸಿಕೊಂಡು ಹೋದ.

ಮುಂದಿನ ಸಲ ಬಂದಾಗ ಕಾರನ್ನು ಕುಲುಮೆಯ ಪಕ್ಕಕ್ಕೇ ತಂದು ನಿಲ್ಲಿಸಿದ.

“ನೆಟ್ಟುಗ್ ಮಾಡ್ಕೊಡಿ ಆಚಾರ್ರೇ.”

“ಯಜಮಾನ್ರು ಹೇಳಿದ್ರೇನಲಾ?”

“ಇಲ್ಲ. ನಾನ್ ಏಳ್ತೀನಿ ಅವ್ರಿಗೆ. ನೆಟ್ಟುಗ್ ಮಾಡುಸ್ದೆ, ಇನ್ಮ್ಯಾಕೆ ಕೈ ತಾಗ್ತದೆ, ಇಷ್ಟ ಇದ್ರೆ ಮಡೀಕಳಿ ಇಲ್ದಿದ್ರೆ ಬುಡ್ಸಿ ಅಂತ ಬಾಯಲ್ಲೇ ಏಳ್ತೀನಿ.”

ಆಚಾರ್ರು ಒಪ್ಪಲಿಲ್ಲ. ಒಡೆಯನ ಮಾತಿಲ್ಲದೆ ಗಾಡಿ ಮುಟ್ಟಿದರೆ ಗ್ಯಾರೇಜಿನ ಮರ್ಯಾದೆ ಉಳಿಯುವುದಿಲ್ಲ ಎಂಬುದು ಅವರ ವಾದ. ಕೆಟ್ಟ ವಾದವೇನಲ್ಲ. ಬೇರೆ ಯಾವ ಗಾಡಿಯಾಗಿದ್ದರೂ ಅವರ ಪಕ್ಷಕ್ಕೇ ನಾನು ನಿಲ್ಲುತ್ತಿದ್ದೆ. ಅವತ್ತು ವಾದಕ್ಕೇ ನಿಲ್ಲಲಿಲ್ಲ. ರಾಡು ಬಿಚ್ಚಿದೆ, ಕೆಂಡಕ್ಕಿಟ್ಟೆ. ಆಚಾರ್ರು ಬಯ್ಯುತ್ತಲೇ ಇದ್ದರು. ತಿದಿ ಒತ್ತಲು ಯಾರೂ ಬರಲಿಲ್ಲ, ಮಾದುವೇ ಒತ್ತಿದ. ಅಡಿಗಲ್ಲಿನ ಮೇಲಿಟ್ಟು ಬಡಿದೆ. ಆಚಾರ್ರು ಬಗ್ಗಿಸಿದಷ್ಟು ಚೆನ್ನಾಗಿ ನನಗೆ ನೆಟ್ಟಗೆ ಮಾಡಲು ಬರಲಿಲ್ಲ. ನಡುವೆ ಒಂದು ಗಂಟು ಉಳಿಯಿತು. ಆದರೂ ಎರಡನೇ ಗೇರು ಇರಬೇಕಾದಲ್ಲಿಗೆ ಹೋಯಿತು.

“ನಾಳೆಯಿಂದ ಬರಬೇಡ ಕಣಯ್ಯ,” ಅಂದರು ಆಚಾರ್ರು. ಸಿಟ್ಟಿಗಿಂತ ಬೇಸರದಲ್ಲಿ ಅಂದರು. “ವಾದ ಮಾಡ್ತಿದ್ದಾಗ್ಲೇ ನೀನು ವಾಸಿ ಇದ್ದೆ.”

ಮಾದು ರಾಡು ಸಿಕ್ಕಿಸಿಕೊಂಡು, ಗೇರುಗಳನ್ನು ಒಂದೊಂದಾಗಿ ಹಾಕಿ ನೋಡಿ, ನನಗೆ ತಲೆಯಾಡಿಸಿ ಹೋದ. ನಾನು ಹೀಗೆ ನಿವೃತ್ತನಾದೆ.

ಈಗಿನ ಹೊಸ ಕಾರುಗಳಲ್ಲಿ ಹಲ್ಲುಚಕ್ರಗಳು ತಾವೇ ವೇಗ ಹೊಂದಿಸಿಕೊಳ್ಳುತ್ತವಂತೆ, ಎರಡು ಬಾರಿ ತುಳಿಯಬೇಕಿಲ್ಲ. ಅಮೆರಿಕದ ಕಾರುಗಳಲ್ಲಿ ರಾಡನ್ನು ಸ್ಟೀರಿಂಗಿನ ಕೆಳಕ್ಕೇ ತಂದಿಟ್ಟಿದ್ದಾರೆ, ಪಕ್ಕದವರಿಗೆ ಕೈ ತಾಗುವ ಪ್ರಶ್ನೆಯೇ ಇಲ್ಲ. ಒಳ್ಳೆಯ ಅನುಕೂಲ ಎಂದು ಆಚಾರ್ರು ಮೆಚ್ಚಿಕೊಂಡಿರುತ್ತಾರೆ. ನಾನು ಮೆಚ್ಚಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ನೀವು ಕಲಿಯುವಾಗ ಹಳೆಯ ಪೆಟ್ಟಿಗೆಯಲ್ಲೇ ಕಲಿಯಿರಿ. ಗೇರು ಹಾರಿದರೆ ಎಣ್ಣೆ ನೋಡಿ, ಸ್ಪ್ರಿಂಗು ನೋಡಿ, ಹಲ್ಲು ನೋಡಿ. ಆಮೇಲೆ ಪಕ್ಕದ ಸೀಟಿನಲ್ಲಿ ಯಾರು ಕೂತಿದ್ದಾರೆ ನೋಡಿ.

ಕೆಲಸ ಹೋದ ಮೇಲೆ ಮದ್ದೂರಿನಲ್ಲಿ ಅಕ್ಕನ ಮನೆ ಸೇರಿಕೊಂಡು ಹುಡುಗರಿಗೆ ಇಂಗ್ಲಿಷು ಹೇಳಿಕೊಡುತ್ತಿದ್ದೆ. ಹೊಳೆಯ ಸೇತುವೆಯಿಂದ ರಸ್ತೆ ಮೇಲಕ್ಕೆ ಹತ್ತುವಲ್ಲಿ ಆ ಮನೆ. ಮಾದು ಗುತ್ತಿಗೆದಾರರಿಗೆ ಹೇಳಿದನೋ ಇಲ್ಲವೋ, ಅವರು ಇಟ್ಟುಕೊಂಡರೋ ಬಿಡಿಸಿದರೋ ತಿಳಿಯದೆ ದಿನಗಳು ಹೋದವು. ಹೋಗಿ ಕೇಳಬಹುದಿತ್ತು. ಕೇಳಲು ಧೈರ್ಯ ಸಾಲದೆ ಪಾಠದ ನಡುವೆ ಎದ್ದೆದ್ದು ಕಿಟಕಿಗೆ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಆ ಎಂಜಿನ್ನಿನ ಸದ್ದು ಕೇಳಿತು. ಜಗುಲಿಗೆ ಬಂದು ನೋಡಿದರೆ ಕೆಂಪು ಕಾರು ಸೇತುವೆ ದಾಟಿ ಏರು ಹತ್ತುತ್ತಿತ್ತು. ಸ್ಟೀರಿಂಗಿನ ಹಿಂದೆ ಮಾದು, ಪಕ್ಕದಲ್ಲಿ ಬಿಳಿ ಟೋಪಿ. ಮುಂದೆ ಕಬ್ಬಿನ ಗಾಡಿಗಳ ಸಾಲು. ಕಾರು ನಿಧಾನವಾಯಿತು. ಎರಡು ತುಳಿತದ ನಡುವಿನ ಆ ಒಂದು ಗುಟುಕಿನ ಗುಡುಗು ಕೇಳಿತು. ಅಷ್ಟು ದೂರಕ್ಕೆ ಕೈ ಕಾಣುವುದಿಲ್ಲ, ಮೊಣಕಾಲು ಕಾಣುವುದಿಲ್ಲ. ಒಳಗಿನಿಂದ ಒಬ್ಬ ಹುಡುಗ ಏನೋ ಕೇಳಿದ; ಸುಮ್ಮನಿರು ಅಂದೆ.

ಕಾರು ಗಾಡಿಗಳ ಹಿಂದೆ, ಎತ್ತುಗಳ ನಡಿಗೆಯಲ್ಲೇ, ಏರಿನ ಉದ್ದಕ್ಕೂ ಹತ್ತಿತು. ಎಂಜಿನ್ನು ಅರಚಲಿಲ್ಲ.